ಐವತ್ತೊಂದು ವರ್ಷ ತಡ

ಕೇಳುಗರಿಗೆ ನಮಸ್ಕಾರ.

ಬಾನುಲಿಯಲ್ಲಿ ಮಾತನಾಡುವವರಿಗೆ ಗಡಿಯಾರವೇ ಯಜಮಾನ. ನನ್ನೆದುರಿನ ಗೋಡೆಯ ಮೇಲೆ ದೊಡ್ಡದೊಂದು ತೂಗುಹಾಕಿದ್ದಾರೆ. ನನಗೆ ಕೊಟ್ಟಿರುವುದು ಹತ್ತು ನಿಮಿಷ. ಮೀರಿದರೆ ಮುಂದಿನ ಕಾರ್ಯಕ್ರಮ ಕಾಯುವುದಿಲ್ಲ. ಇಂಥ ಕಡೆ ಕುಳಿತು, ಗಡಿಯಾರದೊಡನೆ ಜೀವಮಾನವಿಡೀ ಜಗಳವಾಡಿದ ಒಬ್ಬ ಲೇಖಕರನ್ನು ನೆನೆಯಬೇಕೆಂದಿದ್ದೇನೆ. ಈ ಭಾಷಣದ ಪ್ರತಿಯನ್ನು ನಾನೂ ಎರಡು ದಿನ ತಡವಾಗಿ ಕೊಟ್ಟೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅವರ ಹೆಸರು ಹಾರ್ಲನ್ ಎಲಿಸನ್. ಅಮೆರಿಕದವರು. 2018ರ ಜೂನ್ 28ರಂದು ಲಾಸ್ ಏಂಜಲೀಸಿನ ತಮ್ಮ ಮನೆಯಲ್ಲಿ, 84ನೆಯ ವಯಸ್ಸಿನಲ್ಲಿ, ನಿದ್ದೆಯಲ್ಲೇ ತೀರಿಕೊಂಡರು. ಸುದ್ದಿ ಓದಿದಾಗ ನನಗೆ ಸಾವಿಗಿಂತ ಆ ನಿದ್ದೆಯೇ ನಂಬಲಾಗದ್ದೆನಿಸಿತು. ಸದ್ದು ಮಾಡದೆ ಒಂದು ಕೋಣೆಯಿಂದ ಇನ್ನೊಂದಕ್ಕೂ ಹೋಗದ ಮನುಷ್ಯ ಅವರು. ವೈಜ್ಞಾನಿಕ ಕಥೆಗಾರ ಎಂದು ಪರಿಚಯಿಸಿದರೆ ರೇಗುತ್ತಿದ್ದರು. ಆ ಹಣೆಪಟ್ಟಿ ಅವರಿಗೆ ಆಗುತ್ತಿರಲಿಲ್ಲ. ಆದರೆ ಹೆಸರು ತಂದುಕೊಟ್ಟದ್ದು ಆ ಕಥೆಗಳೇ.

ಒಂದು ಕಥೆಯನ್ನು ಹೇಳುತ್ತೇನೆ. 1965ರಲ್ಲಿ ಬಂದದ್ದು. ಸಮಯಪಾಲನೆಯೇ ಕಾನೂನಾಗಿರುವ ಒಂದು ಸಮಾಜ. ನೀವು ಹತ್ತು ನಿಮಿಷ ತಡವಾಗಿ ಬಂದರೆ ನಿಮ್ಮ ಆಯುಸ್ಸಿನಲ್ಲಿ ಹತ್ತು ನಿಮಿಷ ಕಳೆಯುತ್ತಾರೆ. ಮತ್ತೆ ಮತ್ತೆ ತಡವಾದರೆ ಒಂದು ದಿನ ಲೆಕ್ಕ ಚುಕ್ತಾ, ಹೃದಯ ನಿಂತುಹೋಗುತ್ತದೆ. ಲೆಕ್ಕ ಇಡುವ ಅಧಿಕಾರಿಯನ್ನು ಜನ ಬೆನ್ನ ಹಿಂದೆ ಟಿಕ್‌ಟಾಕ್‌ಮನ್ ಎಂದು ಕರೆಯುತ್ತಾರೆ. ಅಲ್ಲೊಬ್ಬ ಕೋಡಂಗಿ ಹುಟ್ಟಿಕೊಳ್ಳುತ್ತಾನೆ. ಕಾರ್ಮಿಕರು ಪಾಳಿ ಬದಲಿಸುವ ಹೊತ್ತಿಗೆ, ಅವರನ್ನು ಹೊತ್ತೊಯ್ಯುವ ಚಲಿಸುವ ಹಾದಿಯ ಮೇಲೆ, ಆಕಾಶದಿಂದ ಒಂದೂವರೆ ಲಕ್ಷ ಡಾಲರಿನ ಬಣ್ಣಬಣ್ಣದ ಜೆಲ್ಲಿ ಮಿಠಾಯಿ ಸುರಿಯುತ್ತಾನೆ. ಕಾರ್ಮಿಕರು ನಗುತ್ತಾರೆ, ಯಂತ್ರಗಳು ಸಿಕ್ಕಿಕೊಳ್ಳುತ್ತವೆ, ಇಡೀ ನಗರ ಏಳು ನಿಮಿಷ ತಡವಾಗುತ್ತದೆ. ಕೊನೆಗೆ ಅವನನ್ನು ಹಿಡಿದು ಮನಸ್ಸು ತಿರುಚಿ ಸರಿದಾರಿಗೆ ತರುತ್ತಾರೆ. ಆದರೆ ಮುಗಿಯುವ ಹೊತ್ತಿಗೆ ಸ್ವತಃ ಆ ಅಧಿಕಾರಿಯೇ ಮೂರು ನಿಮಿಷ ತಡವಾಗಿ ಬರುತ್ತಾನೆ.

ಈ ಕಥೆಯನ್ನು ಅವರು ಬರೆದು ಮುಗಿಸಿದ್ದು ಒಂದೇ ಪಟ್ಟಿಗೆ ಕುಳಿತು, ಆರು ಗಂಟೆಯೊಳಗೆ. ಮರುದಿನ ಲೇಖಕರ ಶಿಬಿರದಲ್ಲಿ ಓದಲು ಕೊಡಬೇಕಿತ್ತು. ಅದಕ್ಕೆ ವೈಜ್ಞಾನಿಕ ಕಥೆಗಳ ದೊಡ್ಡ ಗೌರವಗಳಾದ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿಗಳು ಬಂದವು. ಹೊತ್ತಿಗೆ ಸರಿಯಾಗಿ ಎಲ್ಲಿಗೂ ತಲುಪಲಾರದ ತಮ್ಮ ಚಾಳಿಗೆ ಕ್ಷಮೆ ಕೋರಲೆಂದೇ ಇದನ್ನು ಬರೆದೆ ಎಂಬರ್ಥದ ಮಾತನ್ನು ಆಮೇಲೆ ತಾವೇ ಆಡಿದರು. ತಮಾಷೆಗೆ ಆಡಿದ ಆ ಮಾತು ಅವರ ಬೆನ್ನು ಬಿಡಲಿಲ್ಲ.

ಎಲಿಸನ್ ಬೆಳೆದದ್ದು ಓಹಾಯೋ ರಾಜ್ಯದ ಪೇನ್ಸ್‌ವಿಲ್ ಎಂಬ ಊರಿನಲ್ಲಿ. ಯೆಹೂದಿ ಹುಡುಗ, ಕುಳ್ಳ, ಬಾಯಿ ಜೋರು. ಶಾಲೆಯಲ್ಲಿ ಏಟು ತಿಂದದ್ದನ್ನು ಮುಪ್ಪಿನವರೆಗೂ ಮರೆಯಲಿಲ್ಲ. ನಿನಗೆ ಬರೆಯಲು ಬಾರದು ಎಂದ ಪ್ರಾಧ್ಯಾಪಕರ ಮೇಲೆ ಕೈಮಾಡಿದ್ದಕ್ಕೆ ವಿಶ್ವವಿದ್ಯಾಲಯದಿಂದ ಹೊರಬಿದ್ದೆ, ಆಮೇಲೆ ಅಚ್ಚಾದ ಪ್ರತಿಯೊಂದು ಕಥೆಯನ್ನೂ ಅವರಿಗೆ ಅಂಚೆಯಲ್ಲಿ ಕಳಿಸುತ್ತಿದ್ದೆ ಎಂದು ಹೇಳಿಕೊಳ್ಳುತ್ತಿದ್ದರು. ತಮ್ಮ ಬಗ್ಗೆ ಅವರೇ ಹೇಳಿದ ಕಥೆಗಳನ್ನು ತುಸು ಉಪ್ಪುಖಾರ ಕಳೆದೇ ಕೇಳಬೇಕು. ಆದರೆ ಕೆಲವಕ್ಕೆ ಸಾಕ್ಷಿಗಳಿವೆ. ಕ್ಲಬ್ಬೊಂದರಲ್ಲಿ ತಮ್ಮ ಬೂಟುಗಳನ್ನು ಆಡಿಕೊಂಡ ಗಾಯಕ ಫ್ರಾಂಕ್ ಸಿನಾತ್ರಾಗೆ ಎದುರು ನಿಂತು ಉತ್ತರ ಕೊಟ್ಟದ್ದು ಪತ್ರಿಕೆಯಲ್ಲಿ ದಾಖಲಾಗಿದೆ. ‘ದಿ ಟರ್ಮಿನೇಟರ್’ ಸಿನಿಮಾ ತಮ್ಮ ಹಳೆಯ ದೂರದರ್ಶನ ಕಥೆಗಳನ್ನು ಹೋಲುತ್ತದೆಂದು ತಕರಾರು ತೆಗೆದು, ರಾಜಿಯಾಗಿ, ಸಿನಿಮಾದ ಕೊನೆಯಲ್ಲಿ ತಮ್ಮ ಹೆಸರು ಹಾಕಿಸಿಕೊಂಡರು. ಅವರು ಹೂಡಿದ ಮೊಕದ್ದಮೆಗಳನ್ನೆಲ್ಲ ಹೇಳುತ್ತ ಕುಳಿತರೆ ನನ್ನ ಹತ್ತು ನಿಮಿಷ ಅಲ್ಲೇ ಮುಗಿದೀತು.

ಆ ಜಗಳಗಳಲ್ಲಿ ಹೆಚ್ಚಿನವು ಒಂದೇ ವಿಷಯಕ್ಕೆ: ಬರೆಯುವವನ ಕೂಲಿ. ಒಂದು ದೊಡ್ಡ ಸಿನಿಮಾ ಸಂಸ್ಥೆ ಅವರ ಹಳೆಯ ಸಂದರ್ಶನವನ್ನು ಪುಕ್ಕಟೆ ಬಳಸಿಕೊಳ್ಳಲು ಕೇಳಿತು. ಕೇಳಲು ಫೋನ್ ಮಾಡಿದ ನಿನಗೆ ಸಂಬಳವಿದೆ, ನಿನ್ನ ಮೇಲಿನವನಿಗೂ ಇದೆ, ಕ್ಯಾಮೆರಾ ಹಿಡಿದವನಿಗೂ ಇದೆ, ನನಗೇಕಿಲ್ಲ ಎಂದು ಹಾರಾಡಿದರು. ಒಂದು ಸಾಕ್ಷ್ಯಚಿತ್ರದಲ್ಲಿ ಅದನ್ನು ಅವರ ಬಾಯಲ್ಲೇ ಕೇಳಬಹುದು. ಬರೆಯುವುದೂ ಬೆವರು ಹರಿಸುವ ಕೆಲಸವೇ ಎಂದು ತೋರಿಸಲು ಪುಸ್ತಕದ ಅಂಗಡಿಯ ಗಾಜಿನ ಹಿಂದೆ, ರಸ್ತೆಗೆ ಕಾಣುವಂತೆ ಟೈಪ್‌ರೈಟರ್ ಇಟ್ಟುಕೊಂಡು ಕೂರುತ್ತಿದ್ದರು. ಹಾಳೆ ಮುಗಿದಂತೆ ಗಾಜಿಗೆ ಅಂಟಿಸುತ್ತಿದ್ದರು. ಹಾದಿಹೋಕರು ನಿಂತು ಓದುತ್ತಿದ್ದರು. ಕಂಪ್ಯೂಟರನ್ನು ಕೊನೆಯವರೆಗೂ ಹತ್ತಿರ ಸೇರಿಸಲಿಲ್ಲ. ಮನುಕುಲದಲ್ಲಿ ಉಳಿದ ಐವರನ್ನು ಸಾಯಲೂ ಬಿಡದೆ ಹಿಂಸಿಸುವ ಕಂಪ್ಯೂಟರಿನ ಕಥೆ ಬರೆದವರು ಅವರೇ. ಆ ಕಥೆ 1995ರಲ್ಲಿ ಕಂಪ್ಯೂಟರ್ ಆಟವಾದಾಗ ಆ ಯಂತ್ರಕ್ಕೆ ದನಿ ಕೊಟ್ಟವರೂ ಅವರೇ. ಅಂದಹಾಗೆ, ಅವರಿಗೆ ಬಾನುಲಿಯ ನಂಟೂ ಇತ್ತು. 1986–87ರಲ್ಲಿ ಲಾಸ್ ಏಂಜಲೀಸಿನ ಒಂದು ಕೇಂದ್ರದಲ್ಲಿ ವೈಜ್ಞಾನಿಕ ಕಥೆಗಳ ಕಾರ್ಯಕ್ರಮ ನಡೆಸಿದರು.

ಇನ್ನು ಐವತ್ತೊಂದು ವರ್ಷ ತಡವಾದ ಪುಸ್ತಕದ ವಿಷಯ. 1967ರಲ್ಲಿ ಎಲಿಸನ್ ‘ಡೇಂಜರಸ್ ವಿಷನ್ಸ್’ ಎಂಬ ಸಂಕಲನ ತಂದರು. ಪತ್ರಿಕೆಗಳು ಮುಟ್ಟಲು ಅಂಜುವ ಕಥೆಗಳನ್ನು ಕೊಡಿ ಎಂದು ಲೇಖಕರನ್ನು ಕೇಳಿ ಪಡೆದ 33 ಕಥೆಗಳು. ದೇವರು, ಕಾಮ, ಯಾವುದಕ್ಕೂ ತಡೆಯಿರಲಿಲ್ಲ. ಪ್ರತಿ ಕಥೆಗೂ ಸಂಪಾದಕರದೇ ಒಂದು ಮುನ್ನುಡಿ. 1972ರಲ್ಲಿ ಎರಡನೆಯದು ಬಂತು, 46 ಕಥೆಗಳೊಡನೆ. ಮೂರನೆಯದು, ಕಡೆಯದು, ಮರುವರ್ಷವೇ ಬರುತ್ತದೆ ಎಂದು ಸಾರಿದರು. ನೂರಕ್ಕೂ ಹೆಚ್ಚು ಕಥೆಗಳನ್ನು ಕೊಂಡರು. ಮುನ್ನುಡಿಗಳು ಬಾಕಿಯಿದ್ದವು.

ಬಾಕಿಯೇ ಉಳಿದವು. ಮುಂದಿನ ತಿಂಗಳು, ಮುಂದಿನ ವರ್ಷ, ಬೇರೆ ಪ್ರಕಾಶಕರು ಎಂದು ಕಾಲ ಸರಿಯಿತು. ಕಥೆ ಕೊಟ್ಟವರಲ್ಲಿ ಕೆಲವರು ಬೇಸತ್ತು ಹಿಂದಕ್ಕೆ ಪಡೆದರು. ಹಲವರು ಅಚ್ಚಿನಲ್ಲಿ ನೋಡದೆಯೇ ತೀರಿಕೊಂಡರು. ಇಂಗ್ಲೆಂಡಿನ ಲೇಖಕ ಕ್ರಿಸ್ಟೋಫರ್ ಪ್ರೀಸ್ಟ್ ತಮ್ಮ ಕಥೆಯನ್ನು ಹಿಂದಕ್ಕೆ ಪಡೆದದ್ದಲ್ಲದೆ, 1987ರಲ್ಲಿ ಈ ಸಂಕಲನದ ಸುಳ್ಳು ಗಡುವುಗಳನ್ನೆಲ್ಲ ಜೋಡಿಸಿ ಒಂದು ಕಿರುಹೊತ್ತಗೆಯನ್ನೇ ತಂದರು.

ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಇಲ್ಲಿಗೆ ಮುಗಿಸಿಬಿಡಬಹುದು. ನನಗೆ ಅಷ್ಟು ಸುಲಭವಾಗಿ ನಾಲಿಗೆ ಹೊರಳುವುದಿಲ್ಲ. ಒಮ್ಮೆ ಒಂದು ಸ್ಮರಣ ಸಂಚಿಕೆಯ ಸಂಪಾದಕನೆಂದು ನನ್ನ ಹೆಸರು ಹಾಕಿದ್ದರು. ಸಂಚಿಕೆ ಹೊರಬರಲಿಲ್ಲ. ಕೈಬರಹದ ನಾಲ್ಕು ಲೇಖನಗಳು ಇನ್ನೂ ನನ್ನ ಕಪಾಟಿನಲ್ಲಿವೆ. ಬರೆದವರಲ್ಲಿ ಒಬ್ಬರು ಈಗಿಲ್ಲ. ಮೊದಲ ವರ್ಷ ನಾಚಿಕೆಯಿಂದ ಅವರೆದುರು ಹೋಗಲಿಲ್ಲ, ಆಮೇಲೆ ಹೋಗದಿದ್ದುದಕ್ಕೇ ನಾಚಿಕೆಯಾಗಿ ಹೋಗಲಿಲ್ಲ. ಎಲಿಸನ್‌ರ ಗೆಳೆಯ, ಅವರ ಬರಹಗಳ ಹೊಣೆ ಹೊತ್ತ ಮೈಕೆಲ್ ಸ್ಟ್ರಜಿನ್ಸ್ಕಿ, ಎಲಿಸನ್‌ರಿಗೆ ಮನಸ್ಸು ಅತಿಯಾಗಿ ಉಬ್ಬಿ ಕುಗ್ಗುವ ಬೈಪೋಲಾರ್ ಕಾಯಿಲೆಯಿತ್ತು, ಬಹುಕಾಲ ಚಿಕಿತ್ಸೆಯಿಲ್ಲದೆ ಉಳಿದಿತ್ತು ಎಂದು ಬರೆದಿದ್ದಾರೆ. ಅದನ್ನು ನಂಬುತ್ತೇನೆ. ಆದರೆ ಕಾಯಿಲೆಯಿದ್ದವರೂ ಕಥೆಗಳನ್ನು ಹಿಂದಿರುಗಿಸಬಹುದಿತ್ತು.

ಆ ಮೂರನೆಯ ಸಂಕಲನದಲ್ಲಿ ಸಿಕ್ಕಿಕೊಂಡ ಕಥೆಗಳಲ್ಲಿ ಒಂದು ಆಕ್ಟೇವಿಯಾ ಬಟ್ಲರ್ ಅವರದು. ಕ್ಯಾಲಿಫೋರ್ನಿಯಾದ ಬಡ ಕಪ್ಪು ಹೆಣ್ಣುಮಗಳು, ಮಾತೇ ಆಡದ ಸಂಕೋಚದ ಸ್ವಭಾವ. ಚಿತ್ರಕಥೆಗಾರರ ಸಂಘ ನಡೆಸುತ್ತಿದ್ದ ತರಗತಿಯಲ್ಲಿ ಎಲಿಸನ್ ಪಾಠ ಹೇಳುತ್ತಿದ್ದರು. ಆಕೆಯ ಬರವಣಿಗೆಯ ಕಸುವನ್ನು ಗುರುತಿಸಿ, 1970ರಲ್ಲಿ ಕ್ಲಾರಿಯನ್ ಎಂಬ ಲೇಖಕರ ಶಿಬಿರಕ್ಕೆ ಹೋಗುವಂತೆ ಒತ್ತಾಯಿಸಿದರು. ಆಕೆಯ ಕಥೆಯೊಂದನ್ನು ಸಂಕಲನಕ್ಕೆ ಕೊಂಡರು. ಇನ್ನು ನಾನು ಲೇಖಕಿ ಎಂದು ಆಕೆ ಮನೆಗೆ ಮರಳಿದರು. ಮುಂದಿನ ಐದು ವರ್ಷ ಒಂದು ಸಾಲೂ ಮಾರಾಟವಾಗಲಿಲ್ಲ. ಆಮೇಲೆ ದೊಡ್ಡ ಲೇಖಕಿಯಾದರು, 1995ರಲ್ಲಿ ಪ್ರತಿಭಾವಂತರಿಗೆ ಕೊಡುವ ಮ್ಯಾಕ್‌ಆರ್ಥರ್ ಗೌರವಧನ ಪಡೆದರು, 2006ರ ಫೆಬ್ರವರಿಯಲ್ಲಿ ತೀರಿಕೊಂಡರು. ಎಲಿಸನ್ ಕೊಂಡ ಆ ಕಥೆ ಆಗಲೂ ಅಚ್ಚಾಗಿರಲಿಲ್ಲ. ಬಾಗಿಲು ತೆರೆದವರೂ ಅವರೇ, ಕಥೆಯನ್ನು ಒಳಗಿಟ್ಟು ಬೀಗ ಹಾಕಿದವರೂ ಅವರೇ.

ಅದೇ 2006ರ ಆಗಸ್ಟ್‌ನಲ್ಲಿ, ಅನಾಹೈಮ್‌ನ ಹ್ಯೂಗೋ ಸಮಾರಂಭದಲ್ಲಿ, ತುಂಬಿದ ಸಭೆಯೆದುರು ಎಲಿಸನ್ ನಿರೂಪಕಿಯಾಗಿದ್ದ ಹಿರಿಯ ಲೇಖಕಿ ಕಾನಿ ವಿಲಿಸ್ ಅವರ ಎದೆಗೆ ಕೈ ಹಾಕಿದರು. ಮೊದಲು ಕ್ಷಮೆ ಕೇಳಿದರು. ಕ್ಷಮೆಗೆ ಉತ್ತರ ಬರಲಿಲ್ಲವೆಂದು ಆಮೇಲೆ ಸಿಟ್ಟಾದರು. ಇಪ್ಪತ್ತೆಂಟು ವರ್ಷಗಳ ಹಿಂದೆ, 1978ರಲ್ಲಿ, ಇದೇ ಮನುಷ್ಯ ಅರಿಜೋನಾದಲ್ಲಿ ನಡೆದ ವಿಶ್ವ ವೈಜ್ಞಾನಿಕ ಕಥಾ ಸಮ್ಮೇಳನಕ್ಕೆ ಮುಖ್ಯ ಅತಿಥಿಯಾಗಿದ್ದರು. ಮಹಿಳೆಯರ ಸಮಾನ ಹಕ್ಕಿನ ಸಂವಿಧಾನ ತಿದ್ದುಪಡಿಯನ್ನು ಆ ರಾಜ್ಯ ಅನುಮೋದಿಸಿರಲಿಲ್ಲ. ಅದನ್ನು ಪ್ರತಿಭಟಿಸಿ ಹೋಟೆಲ್ಲಿನಲ್ಲಿ ಇಳಿಯದೆ, ಅಲ್ಲಿ ಕಾಸೂ ಖರ್ಚು ಮಾಡದೆ, ಬಿರುಬಿಸಿಲಿನಲ್ಲಿ ವಾಹನದಲ್ಲೇ ವಾಸವಿದ್ದರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕು ಎನ್ನುವವರು 1978ನ್ನು ಹೇಳಿ ಮುಗಿಸುತ್ತಾರೆ. ನನ್ನ ಲೆಕ್ಕದಲ್ಲಿ ಆ ವರ್ಷ ಗೊತ್ತಿದ್ದಷ್ಟೂ 2006 ಹೆಚ್ಚು ಕೆಟ್ಟದ್ದಾಗಿ ಕಾಣುತ್ತದೆ. ಆತ ತಿಳಿಯದವರಲ್ಲ.

ಆ ಮೂರನೆಯ ಸಂಕಲನ ಕೊನೆಗೂ ಬಂತು. ಸ್ಟ್ರಜಿನ್ಸ್ಕಿ ಉಳಿದ ಕಥೆಗಳಲ್ಲಿ ಕೆಲವನ್ನು ಆರಿಸಿ, ಹೊಸಬರದನ್ನು ಸೇರಿಸಿ, 2024ರ ಅಕ್ಟೋಬರ್‌ನಲ್ಲಿ ಹೊರತಂದರು. ಹೇಳಿದ ಹೊತ್ತಿಗೆ ಐವತ್ತೊಂದು ವರ್ಷ ತಡ. ಅದರ ಮೇಲೆ ಹಟಹಿಡಿದು ಬರೆದಿದ್ದ ಕ್ರಿಸ್ಟೋಫರ್ ಪ್ರೀಸ್ಟ್ ಅದೇ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು.

ಗಾಜಿನ ಆಚೆ ಕುಳಿತವರು ನನಗೆ ಬೆರಳು ತೋರಿಸುತ್ತಿದ್ದಾರೆ. ಎಲಿಸನ್‌ರನ್ನು ಓದಿ. ಮಿಠಾಯಿ ಸುರಿಸುವ ಕೋಡಂಗಿಯ ಕಥೆಯಿಂದ ಶುರುಮಾಡಿದರೆ ಬಿಡಲಾರಿರಿ. ಅದಕ್ಕೂ ಮೊದಲು ಆಕ್ಟೇವಿಯಾ ಬಟ್ಲರ್ ಅವರ ಆ ಕಥೆಯನ್ನು ಹುಡುಕಿ ಓದಿ. ಹೆಸರು ‘ಚೈಲ್ಡ್‌ಫೈಂಡರ್’. ಆಕೆ ಹೋಗಿ ಎಂಟು ವರ್ಷವಾದ ಮೇಲೆ, 2014ರಲ್ಲಿ, ಬೇರೊಂದು ಪುಸ್ತಕದಲ್ಲಿ ಅದು ಬೆಳಕು ಕಂಡಿತು. ಪುಟ್ಟ ಕಥೆ. ನಾನು ಕಪಾಟಿನ ಕಡೆ ನೋಡದೆ ಓದಲು ಯತ್ನಿಸಿದೆ, ಆಗಲಿಲ್ಲ.

ನಮಸ್ಕಾರ.