ಕೊನೆಯದಲ್ಲದ ಕಾಗದ: ಸೆಜಾನ್ ಮತ್ತು ಜೋಲಾ

ಸಹೃದಯರೇ,

ಚಿತ್ರಕಾರ ಪಾಲ್ ಸೆಜಾನ್, ಕಾದಂಬರಿಕಾರ ಎಮಿಲ್ ಜೋಲಾ. ಇವರ ಸ್ನೇಹವೆಂದರೆ ಅದು ಮುರಿದುಬಿದ್ದ ಕತೆಯೇ ಎಲ್ಲರ ನಾಲಿಗೆಯ ಮೇಲೆ. ಜೋಲಾ ತನ್ನ ಕಾದಂಬರಿಯಲ್ಲಿ ಸೆಜಾನ್‌ನನ್ನು ಸೋತ ಚಿತ್ರಕಾರನಾಗಿ ತೋರಿಸಿದ, ಮುನಿದ ಸೆಜಾನ್ ಸ್ನೇಹ ಕಡಿದುಕೊಂಡ ಎಂಬುದು ಆ ಕತೆ. ಅದು ಅರ್ಧಸತ್ಯ.

1852ರ ಸುಮಾರಿಗೆ ದಕ್ಷಿಣ ಫ್ರಾನ್ಸಿನ ಎಕ್ಸ್ ಪಟ್ಟಣದ ಶಾಲೆಯಲ್ಲಿ ಇಬ್ಬರೂ ಜೊತೆಯಾದರು. ಜೋಲಾ ತಂದೆಯಿಲ್ಲದ ಬಡ ಹುಡುಗ, ಪ್ಯಾರಿಸ್ಸಿನಲ್ಲಿ ಹುಟ್ಟಿದವನು. ಸೆಜಾನ್ ಬ್ಯಾಂಕ್ ಮಾಲೀಕನ ಮಗ, ಮುಂಗೋಪಿ. ಹುಡುಗರು ಜೋಲಾನನ್ನು ದೂರವಿಟ್ಟಾಗ ಸೆಜಾನ್ ಅವನ ಪರ ನಿಂತು ಹೊಡೆತ ತಿಂದ. ಮರುದಿನ ಜೋಲಾ ಒಂದು ಬುಟ್ಟಿ ಸೇಬು ತಂದುಕೊಟ್ಟನಂತೆ. ಇದು ಸೆಜಾನ್ ಮುಪ್ಪಿನಲ್ಲಿ ಹೇಳಿದ ಮಾತು.

ಇಬ್ಬರೂ ಕೆಲಸ ಮಾಡುತ್ತಿದ್ದ ರೀತಿ ನೋಡಿ. ಜೋಲಾ ದಿನವೂ ಬರೆಯುತ್ತಿದ್ದ. 1871ರಿಂದ 1893ರೊಳಗೆ ಒಂದೇ ಮಾಲೆಯ 20 ಕಾದಂಬರಿ ಮುಗಿಸಿದ. ಸೆಜಾನ್‌ಗೆ ಮುಗಿಸುವುದೇ ಕಷ್ಟ. ಚಿತ್ರವ್ಯಾಪಾರಿ ವೊಲಾರ್, ತನ್ನ ಭಾವಚಿತ್ರಕ್ಕಾಗಿ 115 ಸಲ ಅಲುಗಾಡದೆ ಕೂತಿದ್ದಾಗಿ ಬರೆದಿದ್ದಾನೆ. ಕೊನೆಗೆ ಸೆಜಾನ್‌ಗೆ ಹಿಡಿಸಿದ್ದು ಅಂಗಿಯ ಎದೆಭಾಗವೊಂದೇ.

1878ರಲ್ಲಿ ಸೆಜಾನ್‌ಗೆ ಒರ್ತಾನ್ಸ್ ಎಂಬ ಸಂಗಾತಿಯೂ ಒಬ್ಬ ಮಗನೂ ಇರುವ ಸುಳಿವು ತಂದೆಗೆ ಸಿಕ್ಕಿತು. ಕೊಡುತ್ತಿದ್ದ ಹಣಕ್ಕೆ ಕತ್ತರಿ ಬಿತ್ತು. ಸೆಜಾನ್ ಕಾಗದ ಬರೆದ: ಒರ್ತಾನ್ಸ್‌ಗೆ 60 ಫ್ರಾಂಕ್ ಕಳಿಸು. ಜೋಲಾ ಕಳಿಸಿದ, ಮುಂದಿನ ತಿಂಗಳುಗಳಲ್ಲಿ ಕೇಳಿದಾಗಲೂ ಕಳಿಸಿದ. ಈ ಸ್ನೇಹದ ನಿಜವಾದ ತೂಕ ಇಲ್ಲಿದೆ ಎಂದು ನನ್ನ ನಂಬಿಕೆ. ಗೆಳೆಯನ ಚಿತ್ರಕಲೆ ಕೈಗೂಡೀತೆಂಬ ಭರವಸೆ ಜೋಲಾಗೆ ಕುಗ್ಗುತ್ತಿತ್ತು, ಆದರೂ ಹಣ ತಪ್ಪಲಿಲ್ಲ.

1886ರಲ್ಲಿ ಜೋಲಾನ 'ಲೋವ್ರ್' ಕಾದಂಬರಿ ಬಂತು. ಅದರ ನಾಯಕ ಕ್ಲೋದ್ ಚಿತ್ರ ಪೂರ್ತಿಮಾಡಲಾಗದೆ ನೇಣು ಹಾಕಿಕೊಳ್ಳುತ್ತಾನೆ. ಅವನಲ್ಲಿ ಸೆಜಾನ್‌ನ ಜೊತೆಗೆ ಬೇರೆ ಕಲಾವಿದರ ಚಹರೆಯೂ ಬೆರೆತಿದೆ, ಆದರೆ ಬಾಲ್ಯದ ಪುಟಗಳು ಎಕ್ಸ್‌ನವೇ. ಏಪ್ರಿಲ್ 4ರಂದು ಸೆಜಾನ್ ಪುಸ್ತಕಕ್ಕೆ ವಂದಿಸಿ ಪುಟ್ಟ ಕಾಗದ ಬರೆದ. ಅದರ ನಂತರದ ಕಾಗದ ಯಾರಿಗೂ ಸಿಕ್ಕಿರಲಿಲ್ಲ. ಹಾಗಾಗಿ ಸ್ನೇಹ ಅಲ್ಲಿಗೇ ಮುರಿಯಿತೆಂದು ಜೀವನಚರಿತ್ರೆಕಾರರು ಬರೆದರು. ತಪ್ಪಾದದ್ದು ಇಲ್ಲೇ: ಸಿಕ್ಕ ಕೊನೆಯ ಕಾಗದವನ್ನು ಬರೆದ ಕೊನೆಯ ಕಾಗದವೆಂದು ಹಿಡಿದರು.

2013ರಲ್ಲಿ ಇನ್ನೊಂದು ಕಾಗದ ಬೆಳಕಿಗೆ ಬಂತು. ತಾರೀಖು 1887ರ ನವೆಂಬರ್ 28. ಜೋಲಾನ ಮುಂದಿನ ಕಾದಂಬರಿ ತಲುಪಿದ್ದಕ್ಕೆ ವಂದನೆ. ನೀನು ಹಿಂದಿರುಗಿದ ಮೇಲೆ ಕೈಕುಲುಕಲು ಬರುತ್ತೇನೆ ಎಂಬ ಮಾತು. ಮುನಿದವನು ಹೀಗೆ ಬರೆಯುತ್ತಾನೆಯೇ? ದೂರವಾದದ್ದಂತೂ ನಿಜ. ಅದೇ 1886ರಲ್ಲಿ ಸೆಜಾನ್ ಒರ್ತಾನ್ಸ್‌ಳನ್ನು ಮದುವೆಯಾದ, ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು, ಆಸ್ತಿ ಬಂತು. ಗುಟ್ಟು ಕಾಯಲು, ಕೈಗಡ ಕೊಡಲು ಗೆಳೆಯ ಬೇಕಾಗಲಿಲ್ಲ. ಕಾದಂಬರಿಗಿಂತ ಇದು ದೊಡ್ಡ ಕಾರಣವೆಂದು ನನಗೆ ತೋರುತ್ತದೆ.

1902ರ ಸೆಪ್ಟೆಂಬರಿನಲ್ಲಿ ಹೊಗೆಗೂಡಿನ ವಿಷಾನಿಲಕ್ಕೆ ಜೋಲಾ ಬಲಿಯಾದ. ಸುದ್ದಿ ಕೇಳಿದ ಸೆಜಾನ್ ಕೋಣೆಯ ಬಾಗಿಲು ಹಾಕಿಕೊಂಡ. 1906ರಲ್ಲಿ ಎಕ್ಸ್‌ನ ಗ್ರಂಥಾಲಯದಲ್ಲಿ ಜೋಲಾನ ಪುತ್ಥಳಿಯ ಅನಾವರಣವಾಯಿತು. ಹಳೆಯ ಸಹಪಾಠಿಯೊಬ್ಬ ಬಾಲ್ಯದ ದಿನಗಳನ್ನು ನೆನೆಯುತ್ತಿದ್ದಂತೆ, 67ರ ಸೆಜಾನ್ ಸಭೆಯಲ್ಲೇ ಬಿಕ್ಕಿ ಅತ್ತ. ಆ ಅಕ್ಟೋಬರಿನಲ್ಲಿ ಅವನೂ ಹೋದ.