ಯಾನ್ ಮಾಯೆನ್: ಹಡಗು ಅಲ್ಲಿವರೆಗೂ ಹೋಗುತ್ತೆ, ಇಳಿಯೋದು ಮಾತ್ರ ಸಮುದ್ರ ಒಪ್ಪಿದ್ರೆ

[ಮ್ಯಾಪ್: ಐಸ್‌ಲ್ಯಾಂಡ್‌ನಿಂದ ನಿಧಾನವಾಗಿ ಉತ್ತರಕ್ಕೆ]

ನಮಸ್ಕಾರ ಎಲ್ರಿಗೂ. ಈ ಮ್ಯಾಪ್ ನೋಡಿ, ಕೆಳಗಡೆ ಐಸ್‌ಲ್ಯಾಂಡ್, ಎಡಕ್ಕೆ ಗ್ರೀನ್‌ಲ್ಯಾಂಡ್, ಬಲಕ್ಕೆ ತುಂಬಾ ದೂರದಲ್ಲಿ ನಾರ್ವೆ, ಮಧ್ಯ ಸಮುದ್ರದಲ್ಲಿ ಚಮಚದ ಥರ ಒಂದು ದ್ವೀಪ ಬಿದ್ದಿದ್ಯಲ್ಲ, ಅದೇ ಯಾನ್ ಮಾಯೆನ್. 71 ಡಿಗ್ರಿ ಉತ್ತರ. ನಾರ್ವೆಗೆ ಸೇರಿದ್ದು. ಉದ್ದ 50 ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಆದ್ರೆ ಇರೋರು ಸುಮಾರು 18 ಜನ ಅಷ್ಟೇ, ಅವರೂ ಊರಿನೋರಲ್ಲ, ಹವಾಮಾನ ಕೇಂದ್ರ ಮತ್ತು ನಾರ್ವೆ ಸೇನೆಯ ಸ್ಟೇಷನ್ ನಡೆಸೋಕೆ ಆರಾರು ತಿಂಗಳ ಡ್ಯೂಟಿ ಮೇಲೆ ಬರೋರು.

ಎಕ್ಸ್‌ಪೆಡಿಷನ್ ಕ್ರೂಸ್‌ಗಳು, ಅಂದ್ರೆ ಪ್ರವಾಸಿಗಳನ್ನ ಇಂಥ ದೂರದ ಜಾಗಗಳಿಗೆ ಕರ್ಕೊಂಡು ಹೋಗೋ ಹಡಗುಗಳು, ಬೇಸಿಗೆಯಲ್ಲಿ ಐಸ್‌ಲ್ಯಾಂಡ್‌ಗೂ, ಇನ್ನೂ ಉತ್ತರಕ್ಕಿರೋ ನಾರ್ವೆಯ ದ್ವೀಪಗಳ ಗುಂಪು ಸ್ವಾಲ್‌ಬಾರ್ಡ್‌ಗೂ ಮಧ್ಯೆ ಓಡಾಡುವಾಗ ಇಲ್ಲಿ ಒಂದ್ ದಿನ ನಿಲ್ಲಿಸ್ತವೆ. ನಿಲ್ಲಿಸೋಕೆ ಪ್ರಯತ್ನ ಪಡ್ತವೆ ಅಂದ್ರೆ ಸರಿಯಾಗುತ್ತೆ. ಯಾಕಂದ್ರೆ ಇಲ್ಲಿ ಬಂದರು ಅನ್ನೋದೇ ಇಲ್ಲ, ಸುತ್ತ ಯಾವ ದಿಕ್ಕಿಗೂ ಅಲೆಗೆ ಅಡ್ಡ ಇಲ್ಲ, ಗ್ರೀನ್‌ಲ್ಯಾಂಡ್ ಕಡೆಯಿಂದ ಬರೋ ತಣ್ಣನೆ ಪ್ರವಾಹಕ್ಕೆ ಅಟ್ಲಾಂಟಿಕ್‌ನ ಬೆಚ್ಚನೆ ಗಾಳಿ ತಾಗಿ ಮಂಜು ಎದ್ರೆ ಎದುರಿಗಿರೋ ದಡವೂ ಕಾಣಲ್ಲ.

[ರಬ್ಬರ್ ದೋಣಿ ದೃಶ್ಯ]

ಪ್ರವಾಸಿಗಳು ಎಲ್ಲಿ ಬೇಕೋ ಅಲ್ಲಿ ಇಳಿಯೋ ಹಾಗಿಲ್ಲ, 2010ರಿಂದ ದ್ವೀಪದ ಬಹುಪಾಲು ಸಂರಕ್ಷಿತ ಪ್ರದೇಶ. ಸಾಮಾನ್ಯವಾಗಿ ಇಳಿಸೋದು ಕ್ವಾಲ್‌ರಾಸ್‌ಬುಕ್ತಾ ಅನ್ನೋ ಕಡೆ. ಹೊರಗಿನ ಗಿಡ ಇಲ್ಲಿ ಬೇರೂರಬಾರದು ಅಂತ ಹಡಗಿನಲ್ಲೇ ಬೂಟು ತೊಳೆದು, ಬ್ಯಾಗು ಜಾಕೆಟ್‌ಗಳಲ್ಲಿ ಬೀಜ ಸಿಕ್ಕಿಕೊಂಡಿದ್ಯಾ ಅಂತ ಚೆಕ್ ಮಾಡಿ, ಆಮೇಲೆ ಝೋಡಿಯಾಕ್ ಅನ್ನೋ ರಬ್ಬರ್ ದೋಣಿಗೆ ಇಳಿಸ್ತಾರೆ. ದೋಣಿಯವರ ಕೈ ಹಿಡಿಯುವಾಗ ಬೆರಳಲ್ಲ, ಮಣಿಕಟ್ಟಿನ ಮೇಲೆ ಬಿಗಿಯಾಗಿ ಹಿಡೀಬೇಕು, ಇದನ್ನ ದಯವಿಟ್ಟು ನೆನಪಿಟ್ಕೊಳ್ಳಿ, ಜಾರಿದ್ರೆ ಆ ನೀರಿನಲ್ಲಿ ಬಹಳ ಹೊತ್ತು ತಡಿಯೋಕಾಗಲ್ಲ.

ಇಳಿದ ತಕ್ಷಣ ಕಪ್ಪು ಮರಳು. ಇಡೀ ದ್ವೀಪವೇ ಜ್ವಾಲಾಮುಖಿಯಿಂದ ಆಗಿದ್ದು, ಉತ್ತರಕ್ಕೆ ಬೇರೆನ್‌ಬರ್ಗ್ ಪರ್ವತ, 2,270 ಮೀಟರ್‌ಗಿಂತ ಎತ್ತರ, ಸಮುದ್ರ ಮಟ್ಟದ ಮೇಲಿರೋ ಜೀವಂತ ಜ್ವಾಲಾಮುಖಿಗಳಲ್ಲಿ ಭೂಮಿ ಮೇಲೆ ಅತ್ಯಂತ ಉತ್ತರದ್ದು ಇದೇ. 1970ರಲ್ಲಿ ಸಿಡಿದಾಗ ಸ್ಟೇಷನ್ನೋರನ್ನೆಲ್ಲ ಕರ್ಕೊಂಡು ಹೋಗಿದ್ರು, 1985ರಲ್ಲಿ ಇನ್ನೊಂದ್ಸಲ ಸಿಡೀತು.

ನಂಗೆ ಮಾತ್ರ ಬೆಟ್ಟಕ್ಕಿಂತ ದಡದ ಮೇಲೆ ಬಿದ್ದಿರೋ ಮರದ ದಿಮ್ಮಿಗಳೇ ಜಾಸ್ತಿ ಕಾಡೋದು. ಈ ದ್ವೀಪದಲ್ಲಿ ಒಂದೂ ಮರ ಇಲ್ಲ! ಸೈಬೀರಿಯಾದ ನದಿಗಳಿಗೆ ಬಿದ್ದ ಮರ ಸಮುದ್ರ ಸೇರಿ, ಹಿಮಗಡ್ಡೆಯಲ್ಲಿ ಸಿಕ್ಕಿಹಾಕಿಕೊಂಡು, ಆ ಹಿಮದ ಜೊತೆನೇ ಆರ್ಕ್ಟಿಕ್ ಸಾಗರ ದಾಟಿ, ವರ್ಷಗಟ್ಟಲೆ ತೇಲಿ ಇಲ್ಲಿ ಬಂದು ಬೀಳುತ್ತೆ. ಹಿಮ ಹಿಡ್ಕೊಂಡಿರೋದಕ್ಕೇ ಅದು ಮುಳುಗದೆ ಇಷ್ಟು ದೂರ ಬರೋದು, ಸಮುದ್ರದ ಹಿಮ ಕಮ್ಮಿ ಆಗ್ತಾ ಹೋದ್ರೆ ದಿಮ್ಮಿಗಳು ಬರೋದೂ ಕಮ್ಮಿ ಆಗುತ್ತೆ.

[ಸಮಾಧಿ ದಿಬ್ಬ, ಗಾಳಿ ಸದ್ದು ಮಾತ್ರ]

ಇನ್ನೊಂದು ವಿಷ್ಯ ಹೇಳ್ಬೇಕು. 1600ರ ದಶಕಗಳಲ್ಲಿ ಡಚ್ಚರು ಇಲ್ಲಿ ತಿಮಿಂಗಿಲ ಬೇಟೆ ಆಡ್ತಿದ್ರು, ಕೊಬ್ಬು ಕಾಯ್ಸಿ ಎಣ್ಣೆ ತೆಗೀತಿದ್ರು. 1633ರಲ್ಲಿ, ಚಳಿಗಾಲದಲ್ಲಿ ಇಲ್ಲಿ ಬದುಕೋಕಾಗುತ್ತಾ ನೋಡೋಣ, ಸಾಮಾನು ಕಾಯೋಕೂ ಆಯ್ತು ಅಂತ ಏಳು ಜನ ನಾವಿಕರನ್ನ ಬಿಟ್ಟು ಹೋದ್ರು. ಅವರು ದಿನಾ ಡೈರಿ ಬರೀತಿದ್ರು. ತಾಜಾ ಆಹಾರ ಇಲ್ಲದೆ ಸ್ಕರ್ವಿ, ಅಂದ್ರೆ ವಿಟಮಿನ್ ಸಿ ಕೊರತೆಯ ರೋಗ, ಹಿಡೀತು, ಏಪ್ರಿಲ್ ಕೊನೆಗೆ ಡೈರಿ ನಿಂತೋಯ್ತು, ಜೂನ್‌ನಲ್ಲಿ ಹಡಗು ಬಂದಾಗ ಏಳೂ ಜನ ಸತ್ತಿದ್ರು. ಆಮೇಲೆ ಕೆಲವೇ ವರ್ಷಗಳಲ್ಲಿ ಬೇಟೆನೂ ಮುಗೀತು, ಹಿಡಿಯೋಕೆ ತಿಮಿಂಗಿಲಗಳೇ ಉಳಿದಿರ್ಲಿಲ್ಲ. ಹಳೇ ಮೂಳೆ, ಹಳೇ ಇಟ್ಟಿಗೆ ಏನೇ ಕಂಡ್ರೂ ಮುಟ್ಟಬೇಡಿ, ಕಲ್ಲು ಕೂಡ ಜೇಬಿಗೆ ಹಾಕ್ಕೋಬೇಡಿ.

ಇಳಿಯೋಕಾಗ್ಲಿಲ್ಲ ಅಂದ್ರೆ? ಕ್ಯಾಬಿನ್‌ಗೆ ಹೋಗಿ ಮಲಗ್ಬೇಡಿ, ಡೆಕ್ ಮೇಲೇ ಇರಿ. ಬೇರೆನ್‌ಬರ್ಗ್ ಬಹಳ ದಿನ ಮೋಡದೊಳಗೇ ಇರುತ್ತೆ, ಆದ್ರೆ ಹಡಗು ಹೊರಟ ಮೇಲೆ ಒಮ್ಮೊಮ್ಮೆ ಮೋಡ ಕೆಳಗೇ ಉಳಿದು, ನೀವು ನೋಡ್ತಿದ್ದ ಜಾಗಕ್ಕಿಂತ ಎಷ್ಟೋ ಮೇಲೆ, ಆಕಾಶದಲ್ಲಿ ಬರೀ ಬಿಳೀ ತುದಿ ಕಾಣಿಸ್ಕೊಳ್ಳುತ್ತೆ.