ಸಾಕ್ಷಿಯಾದ ಸೂಟ್‌ಕೇಸು ಯಾರದು?

ಎಲ್ಲರಿಗೂ ನಮಸ್ಕಾರ. ಹಿಟ್ಲರನ ಕಾಲದ ಯಹೂದಿ ನರಮೇಧದ ಬಗ್ಗೆ ನೀವೆಲ್ಲ ಓದಿದ್ದೀರಿ. ಆ ಕಥೆಯನ್ನು ಮತ್ತೆ ಮೊದಲಿಂದ ಹೇಳುವುದಿಲ್ಲ. ಪೋಲೆಂಡಿನ ಆಶ್ವಿಟ್ಜ್ ಎಂಬ ನಾಜಿ ಕೊಲೆ ಶಿಬಿರದಲ್ಲಿ ಉಳಿದ ಸಾಮಾನುಗಳ ಬಗ್ಗೆ ಮಾತ್ರ ಮಾತಾಡುತ್ತೇನೆ.

ಬೇರೆ ಕಡೆ ನೆಲೆ ಕೊಡುತ್ತೇವೆ ಎಂದು ನಾಜಿಗಳು ಜನರನ್ನು ನಂಬಿಸಿದ್ದರು. ಅದಕ್ಕೇ ಅವರು ಪಾತ್ರೆ ಪಡಗ, ಮಕ್ಕಳ ಬಟ್ಟೆ ಎಲ್ಲ ಕಟ್ಟಿಕೊಂಡು ಬಂದರು. ಸೂಟ್‌ಕೇಸಿನ ಮೇಲೆ ದೊಡ್ಡದಾಗಿ ಹೆಸರು, ಊರು ಬರೆದರು. ಕಳೆದುಹೋದರೆ ಸಿಗಬೇಕಲ್ವಾ? ರೈಲು ಇಳಿದ ಕೂಡಲೇ ನಾಜಿಗಳು ಎಲ್ಲ ಕಿತ್ತುಕೊಂಡರು. ಜನ ಪೂರ್ತಿ ನಂಬಿರಲಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ. 2016ರಲ್ಲಿ ಒಂದು ಎನಾಮಲ್ ಲೋಟಕ್ಕೆ ಎರಡು ತಳ ಇರುವುದು ಗೊತ್ತಾಯಿತು. ನಡುವೆ ಚಿನ್ನದ ಉಂಗುರ, ಸರ. ಯಾರೋ ಬಚ್ಚಿಟ್ಟಿದ್ದು, 70 ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

1945ರ ಜನವರಿಯಲ್ಲಿ ಸೋವಿಯತ್ ಸೈನ್ಯ ಹತ್ತಿರ ಬಂದಾಗ ನಾಜಿಗಳು ಗೋದಾಮುಗಳಿಗೆ ಬೆಂಕಿ ಇಟ್ಟರು. ಆದರೂ ಬಹಳಷ್ಟು ಉಳಿಯಿತು. ಈಗ ಅಲ್ಲಿನ ಮ್ಯೂಸಿಯಂನಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ಪಾದರಕ್ಷೆಗಳಿವೆ. ಸುಮಾರು 3,800 ಸೂಟ್‌ಕೇಸುಗಳಿವೆ. ಹೆಂಗಸರ ತಲೆಯಿಂದ ಕತ್ತರಿಸಿದ ಕೂದಲು ಸುಮಾರು 2 ಟನ್ ಇದೆ. ಯುದ್ಧ ಮುಗಿದ ವರ್ಷವೇ ಕ್ರಾಕೋವ್‌ನ ಪ್ರಯೋಗಾಲಯ ಆ ಕೂದಲಲ್ಲಿ ಸಯನೈಡಿನ ಅಂಶ, ಅಂದರೆ ಜನರನ್ನು ಕೊಂದ ವಿಷಾನಿಲದ ಕುರುಹು, ಕಂಡುಹಿಡಿಯಿತು. ನರಮೇಧ ನಡೆದೇ ಇಲ್ಲ ಎನ್ನುವವರು ಇವತ್ತಿಗೂ ಇದ್ದಾರೆ, ಹಾಗಾಗಿ ಇವನ್ನು ಕಾಪಾಡಲೇಬೇಕು. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಇವು ಯಾರ ಸ್ವತ್ತು?

2005ರಲ್ಲಿ ಪ್ಯಾರಿಸ್ಸಿನ ಒಂದು ಪ್ರದರ್ಶನಕ್ಕೆ ಆಶ್ವಿಟ್ಜ್‌ನಿಂದ ಕೆಲವು ಸಾಮಾನು ಎರವಲು ಬಂದಿದ್ದವು. ನೋಡಲು ಹೋದ ಹಿರಿಯರೊಬ್ಬರಿಗೆ ತಮ್ಮ ತಂದೆಯದೇ ಸೂಟ್‌ಕೇಸು ಕಂಡಿತು. ಹೆಸರೂ ಅವರದೇ, ವಿಳಾಸವೂ ಅವರದೇ. ತಂದೆ ಆಶ್ವಿಟ್ಜ್‌ನಿಂದ ವಾಪಸ್ ಬಂದಿರಲಿಲ್ಲ. ಮಗ ಮನೆಗೆ ಕೊಡಿ ಎಂದೂ ಕೇಳಲಿಲ್ಲ. ಮತ್ತೆ ಪೋಲೆಂಡಿಗೆ ಕಳಿಸಬೇಡಿ, ಇಲ್ಲೇ ಇರಲಿ ಎಂದರು, ಅಷ್ಟೇ. ಮ್ಯೂಸಿಯಂ ಒಪ್ಪಲಿಲ್ಲ. ಒಂದನ್ನು ಬಿಟ್ಟುಕೊಟ್ಟರೆ ಸಂಗ್ರಹವೇ ಚದುರಿಹೋಗುತ್ತದೆ ಎನ್ನುವುದು ಅವರ ಭಯ. ವಿಷಯ ಕೋರ್ಟಿಗೆ ಹೋಯಿತು. 2009ರಲ್ಲಿ ರಾಜಿಯಾಗಿ, ದೀರ್ಘಕಾಲದ ಎರವಲಿನ ಮೇಲೆ ಅದು ಪ್ಯಾರಿಸ್ಸಿನಲ್ಲೇ ಉಳಿಯಿತು. ನನಗೆ ಇದು ಸರಿ ಅನಿಸುತ್ತದೆ. ಸೂಟ್‌ಕೇಸು ಸಾಕ್ಷಿ ಹೇಳುವುದಕ್ಕೆ ಪ್ಯಾರಿಸ್ಸಾದರೇನು?

ಇನ್ನೊಂದು ಪ್ರಕರಣ ಇಷ್ಟು ಸಲೀಸಲ್ಲ. ದಿನಾ ಬ್ಯಾಬಿಟ್ ಚೆಕ್ ದೇಶದ ಯಹೂದಿ ಕಲಾವಿದೆ. ಆಶ್ವಿಟ್ಜ್‌ನಲ್ಲಿದ್ದ ನಾಜಿ ವೈದ್ಯ ಮೆಂಗೆಲೆ ರೋಮಾ ಕೈದಿಗಳ ಚಿತ್ರ ಬರೆಯಲು ಆಕೆಗೆ ಹೇಳಿದ. ರೋಮಾಗಳು ನಾಜಿಗಳು ಕೊಂದ ಇನ್ನೊಂದು ಜನಾಂಗ. ಅಮ್ಮನನ್ನೂ ಉಳಿಸಿದರೆ ಮಾತ್ರ ಎಂದರು ಆಕೆ. ಇಬ್ಬರೂ ಬದುಕಿದರು. ಮುಂದೆ ಆ ಜಲವರ್ಣ ಚಿತ್ರಗಳಲ್ಲಿ ಏಳು ಮ್ಯೂಸಿಯಂಗೆ ಸೇರಿದವು. ನನ್ನ ಕೈಯಿಂದ ಬಂದ ಚಿತ್ರ, ನನಗೆ ಕೊಡಿ ಎಂದು ಆಕೆ ದಶಕಗಟ್ಟಲೆ ಕೇಳಿದರು. ಇವು ರೋಮಾ ಜನರ ಕೊಲೆಗೂ ಸಾಕ್ಷಿ, ಕೊಡಲಾಗದು ಎಂದಿತು ಮ್ಯೂಸಿಯಂ. ಚಿತ್ರದಲ್ಲಿರುವವರ ಕಡೆಯಿಂದ ಯೋಚಿಸಿದರೆ ಆ ಮಾತನ್ನು ಸುಮ್ನೆ ತಳ್ಳಿಹಾಕಲು ಆಗುವುದಿಲ್ಲ. ರೋಮಾಗಳ ಬಗ್ಗೆ ಉಳಿದಿರುವ ಕುರುಹು ಬಹಳ ಕಡಿಮೆ. ಆದರೂ ಬದುಕಿದ್ದಾಗ ಒಂದೆರಡನ್ನಾದರೂ ಆಕೆಯ ಕೈಗೆ ಕೊಡಬಹುದಿತ್ತು. 2009ರಲ್ಲಿ ಆಕೆ ತೀರಿಕೊಂಡರು. ಚಿತ್ರಗಳು ಅಲ್ಲೇ ಉಳಿದವು.

ಮ್ಯೂಸಿಯಂ ಪರವಾಗಿ ವಾದಿಸುವವರು ನಿಮ್ಮಲ್ಲಿ ಇರಬಹುದು. ಕೈ ಎತ್ತಿ, ಅಲ್ಲಿಂದಲೇ ಚರ್ಚೆ ಶುರು ಮಾಡೋಣ.